ಬೆಂಗಳೂರು ಮುಂಬಯಿಯನ್ನು ಹಿಂದಿಕ್ಕಿದರೆ ಮುಂಬಯಿ ಸೋತಂತೆಯೇ? ವಿಮಾನ ನಿಲ್ದಾಣಗಳ ರ‍್ಯಾಂಕಿಂಗ್ ಹಿಂದಿನ ಲೆಕ್ಕ

2025ರ ಡಿಸೆಂಬರ್ 25ರ ಬೆಳಗ್ಗೆ ನವಿ ಮುಂಬಯಿ ವಿಮಾನ ನಿಲ್ದಾಣದಲ್ಲಿ ಇಳಿದ ಮೊದಲ ಪ್ರಯಾಣಿಕ ವಿಮಾನ ಬೆಂಗಳೂರಿನಿಂದ ಬಂದದ್ದು. ಅಂದಿನಿಂದ ಮುಂಬಯಿ ಮಹಾನಗರಕ್ಕೆ ಎರಡು ವಿಮಾನ ನಿಲ್ದಾಣ, ಟಿಕೆಟ್ಟಿನ ಮೇಲೆ ಎರಡು ಕೋಡ್, ಪ್ರಯಾಣಿಕರ ಎಣಿಕೆಗೆ ಎರಡು ಖಾತೆ. ಅಂಧೇರಿ ಪಕ್ಕದ ಹಳೆಯ ಛತ್ರಪತಿ ಶಿವಾಜಿ ಮಹಾರಾಜ್ ನಿಲ್ದಾಣದ ಖಾತೆಯಿಂದ ಒಂದಷ್ಟು ಜನ ಉಲ್ವೆ ಪಕ್ಕದ ಹೊಸ ಖಾತೆಗೆ ಹೋಗುತ್ತಾರೆ. ಇತ್ತ ಬೆಂಗಳೂರಿನ ಅಂಕಿ ವರ್ಷದಿಂದ ವರ್ಷಕ್ಕೆ ಜೋರಾಗಿ ಏರುತ್ತಿದೆ. ಹಾಗಾಗಿ ಡೊಂಬಿವಲಿ, ಮಾಟುಂಗಾ, ನೆರುಳ್ ಕಡೆಯ ಕನ್ನಡಿಗರ ಮಾತುಕತೆಯಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ: ದೇಶದ ಎರಡನೇ ಸ್ಥಾನ ಮುಂಬಯಿಯ ಕೈತಪ್ಪಿ ಬೆಂಗಳೂರಿಗೆ ಹೋಗುತ್ತದೆಯೇ? ಹೋದರೆ ಅದರ ಅರ್ಥವೇನು?

ರ‍್ಯಾಂಕಿಂಗ್ ಯಾವುದನ್ನು ಎಣಿಸುತ್ತದೆ, ಯಾವುದನ್ನು ಎಣಿಸುವುದಿಲ್ಲ ಎಂಬುದು ಗೊತ್ತಾಗದೆ ಈ ಪ್ರಶ್ನೆಗೆ ಉತ್ತರ ಸಿಗದು. ಪಟ್ಟಿ ಹೇಳುವುದು ಒಂದು ಬೇಲಿಯೊಳಗೆ ಎಷ್ಟು ಜನ ಹಾದುಹೋದರು ಎಂಬುದನ್ನು ಮಾತ್ರ. ಒಂದು ನಗರಕ್ಕೆ ವಿಮಾನದ ಅಗತ್ಯ ಎಷ್ಟಿದೆ ಎಂಬುದು ಅದರಲ್ಲಿ ಇಲ್ಲ.

ಒಂದೇ ನಿಲ್ದಾಣಕ್ಕೆ ಎರಡು ಅಂಕಿ ಏಕೆ?

ದೆಹಲಿಯನ್ನೇ ನೋಡಿ. ಒಂದು ಸುದ್ದಿಯಲ್ಲಿ ಅದರ ಪ್ರಯಾಣಿಕರ ಸಂಖ್ಯೆ 7.78 ಕೋಟಿ, ಇನ್ನೊಂದರಲ್ಲಿ 7.9 ಕೋಟಿಗೂ ಹೆಚ್ಚು. ಎರಡೂ ಸರಿ. ಮೊದಲನೆಯದು 2024ರ ಜನವರಿಯಿಂದ ಡಿಸೆಂಬರ್‌ವರೆಗಿನ ಲೆಕ್ಕ. ವಿಮಾನ ನಿಲ್ದಾಣಗಳ ಜಾಗತಿಕ ಸಂಘಟನೆಯಾದ ಏರ್‌ಪೋರ್ಟ್ಸ್ ಕೌನ್ಸಿಲ್ ಇಂಟರ್‌ನ್ಯಾಷನಲ್ ತನ್ನ ಪಟ್ಟಿಯನ್ನು ಕ್ಯಾಲೆಂಡರ್ ವರ್ಷದ ಮೇಲೆ ಮಾಡುತ್ತದೆ. ಎರಡನೆಯದು ನಮ್ಮ ವಿಮಾನ ನಿಲ್ದಾಣ ಪ್ರಾಧಿಕಾರದ ಏಪ್ರಿಲ್–ಮಾರ್ಚ್ ಹಣಕಾಸು ವರ್ಷದ ಲೆಕ್ಕ. ವರ್ಷದಿಂದ ವರ್ಷಕ್ಕೆ ಬೆಳೆಯುವ ನಿಲ್ದಾಣದಲ್ಲಿ ಮೂರು ತಿಂಗಳು ಆಚೀಚೆಯಾದರೆ ಅಂಕಿಯೂ ಬದಲಾಗುತ್ತದೆ.

ಇದಲ್ಲದೆ ಮಾರಾಟಕ್ಕಿಟ್ಟ ಸೀಟುಗಳನ್ನು ಎಣಿಸುವ ಪಟ್ಟಿಗಳಿವೆ. ಸೀಟು ಖಾಲಿ ಹೋದರೂ ಅಲ್ಲಿ ಲೆಕ್ಕಕ್ಕೆ ಬರುತ್ತದೆ. ವಿಮಾನಗಳ ಹಾರಾಟ ಎಣಿಸುವ ಪಟ್ಟಿ, ಸರಕಿನ ಟನ್ನು ಎಣಿಸುವ ಪಟ್ಟಿ, ಅಂತರರಾಷ್ಟ್ರೀಯ ಪ್ರಯಾಣಿಕರ ಪಟ್ಟಿ ಬೇರೆ ಬೇರೆ. 2024ರಲ್ಲಿ ಒಟ್ಟು ಪ್ರಯಾಣಿಕರಲ್ಲಿ ಅಟ್ಲಾಂಟಾ ಮೊದಲು, ಅಂತರರಾಷ್ಟ್ರೀಯ ಪ್ರಯಾಣಿಕರಲ್ಲಿ ದುಬೈ ಮೊದಲು, ಸರಕಿನಲ್ಲಿ ಹಾಂಗ್‌ಕಾಂಗ್ ಮೊದಲು. ‘ಜಗತ್ತಿನ ಅತ್ಯುತ್ತಮ ವಿಮಾನ ನಿಲ್ದಾಣ’ ಎಂದು ಬರುವ ಸುದ್ದಿಯಂತೂ ಪ್ರಯಾಣಿಕರ ಅಭಿಪ್ರಾಯದ ಸಮೀಕ್ಷೆ. ಅದಕ್ಕೂ ದಟ್ಟಣೆಗೂ ಸಂಬಂಧವಿಲ್ಲ. ತಲೆಬರಹದಲ್ಲಿ ‘ನಂಬರ್ ಒನ್’ ಎಂದು ಕಂಡರೆ ಯಾವುದರಲ್ಲಿ ಎಂದು ಮೊದಲು ನೋಡಬೇಕು.

ನಾಲ್ಕು ಜನ, ಹದಿನಾರು ಪ್ರಯಾಣಿಕರು

ಎಣಿಕೆಯ ಕ್ರಮ ಸರಳ. ವಿಮಾನ ಹತ್ತಿದರೆ ಒಂದು, ಇಳಿದರೆ ಇನ್ನೊಂದು. ಡೊಂಬಿವಲಿಯ ನಾಲ್ಕು ಜನರ ಕುಟುಂಬ ಮದುವೆಗೆಂದು ಬೆಂಗಳೂರಿಗೆ ಹೋಗಿ ಬಂತು ಎಂದುಕೊಳ್ಳಿ. ಹೋಗುವಾಗ ಮುಂಬಯಿಯಲ್ಲಿ ನಾಲ್ಕು, ಬೆಂಗಳೂರಲ್ಲಿ ನಾಲ್ಕು. ಬರುವಾಗ ಮತ್ತೆ ಬೆಂಗಳೂರಲ್ಲಿ ನಾಲ್ಕು, ಮುಂಬಯಿಯಲ್ಲಿ ನಾಲ್ಕು. ನಾಲ್ಕು ಜನ ಎರಡು ನಿಲ್ದಾಣಗಳ ಲೆಕ್ಕದಲ್ಲಿ ಹದಿನಾರು ಪ್ರಯಾಣಿಕರಾದರು.

ಮಂಗಳೂರಿನಿಂದ ಮುಂಬಯಿ ಮೂಲಕ ಲಂಡನ್ನಿಗೆ ಹೋಗುವ ಒಬ್ಬ ವ್ಯಕ್ತಿ ಮಂಗಳೂರಿನಲ್ಲಿ ಒಮ್ಮೆ, ಮುಂಬಯಿಯಲ್ಲಿ ಎರಡು ಸಲ (ಇಳಿದದ್ದು ಒಂದು, ಮತ್ತೆ ಹತ್ತಿದ್ದು ಇನ್ನೊಂದು), ಲಂಡನ್ನಿನಲ್ಲಿ ಒಮ್ಮೆ ಎಣಿಕೆಯಾಗುತ್ತಾನೆ. ಅದೇ ವಿಮಾನದಲ್ಲಿ ಕೂತಲ್ಲೇ ಮುಂದುವರಿದವನನ್ನು ಮಾತ್ರ ನಡುವಿನ ನಿಲ್ದಾಣ ಒಂದೇ ಸಲ ಎಣಿಸುತ್ತದೆ. ವಿಮಾನ ಬದಲಿಸುವ ಪ್ರಯಾಣಿಕರು ಹೆಚ್ಚಿದ್ದಷ್ಟೂ ಅಂಕಿ ಊದಿಕೊಳ್ಳುತ್ತದೆ ಎಂಬುದು ಇಲ್ಲಿಂದಲೇ ತಿಳಿಯುತ್ತದೆ.

ದೇಶದ ಒಟ್ಟು ಲೆಕ್ಕದಲ್ಲಿ ಕಾಣುವ ಗೊಂದಲಕ್ಕೂ ಇದೇ ಕಾರಣ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 2024ರಲ್ಲಿ ದೇಶದೊಳಗೆ ಹಾರಿದವರು 16.13 ಕೋಟಿ ಎನ್ನುತ್ತದೆ. ದೇಶದೊಳಗಿನ ಪ್ರಯಾಣಕ್ಕೇ ವಿಮಾನ ನಿಲ್ದಾಣಗಳ ಕಡೆಯಿಂದ 2024–25ಕ್ಕೆ ಬಂದ ಅಂಕಿ ಸುಮಾರು 33.5 ಕೋಟಿ. ನಿರ್ದೇಶನಾಲಯ ವಿಮಾನ ಕಂಪನಿಗಳು ಸಾಗಿಸಿದ ಜನರನ್ನು ಹಾರಾಟಕ್ಕೆ ಒಮ್ಮೆ ಎಣಿಸುತ್ತದೆ. ನಿಲ್ದಾಣಗಳು ಹತ್ತಿದ ಕಡೆ ಒಮ್ಮೆ, ಇಳಿದ ಕಡೆ ಒಮ್ಮೆ ಎಣಿಸುತ್ತವೆ. ಒಂದು ಇನ್ನೊಂದರ ಎರಡರಷ್ಟಾಗುವುದು ಸಹಜ.

ಅಟ್ಲಾಂಟಾ ಮೇಲೇರಿದ ದಾರಿ, ದುಬೈ ಮೇಲೇರಿದ ದಾರಿ

2024ರಲ್ಲಿ ಅಟ್ಲಾಂಟಾದಲ್ಲಿ 10.81 ಕೋಟಿ, ದುಬೈಯಲ್ಲಿ 9.23 ಕೋಟಿ. ಅಟ್ಲಾಂಟಾ ನಗರ ಗಾತ್ರದಲ್ಲಿ ಮುಂಬಯಿಯ ಹತ್ತಿರಕ್ಕೂ ಬರುವುದಿಲ್ಲ. ಆದರೆ ಅಲ್ಲಿ ಐದು ಸಮಾನಾಂತರ ರನ್‌ವೇಗಳಿವೆ. ಡೆಲ್ಟಾ ಕಂಪನಿ ಅದನ್ನು ತನ್ನ ಹಬ್ ಮಾಡಿಕೊಂಡಿದೆ. ಅಮೆರಿಕದ ಪೂರ್ವ ಭಾಗದ ಊರುಗಳಿಂದ ಬಂದ ಜನ ಅಲ್ಲಿ ಇಳಿದು ಬೇರೆ ವಿಮಾನ ಹತ್ತಿ ಹೋಗುತ್ತಾರೆ. ಹುಬ್ಬಳ್ಳಿ ರೈಲ್ವೆ ಜಂಕ್ಷನ್‌ನಲ್ಲಿ ಗಾಡಿ ಬದಲಿಸುವವರೆಲ್ಲ ಹುಬ್ಬಳ್ಳಿಯವರಲ್ಲವಷ್ಟೇ, ಹಾಗೆ.

ದುಬೈಯದು ಇನ್ನೊಂದು ದಾರಿ. ದೇಶದೊಳಗಿನ ಹಾರಾಟ ಇಲ್ಲವೆಂದೇ ಹೇಳಬಹುದು, ರನ್‌ವೇ ಎರಡೇ. ಆದರೆ ವಿಮಾನಗಳು ದೊಡ್ಡವು. 2024ರಲ್ಲಿ ಅಟ್ಲಾಂಟಾದಲ್ಲಿ ಸುಮಾರು 7.96 ಲಕ್ಷ ಹಾರಾಟ ನಡೆದರೆ ದುಬೈಯಲ್ಲಿ ಸುಮಾರು 4.4 ಲಕ್ಷ. ಭಾಗಿಸಿ ನೋಡಿದರೆ ಅಟ್ಲಾಂಟಾದಲ್ಲಿ ಹಾರಾಟಕ್ಕೆ ಸರಾಸರಿ 136 ಜನ, ದುಬೈಯಲ್ಲಿ 210 ಜನ. ರನ್‌ವೇ ಕಡಿಮೆ ಇದ್ದಾಗ ವಿಮಾನದ ಗಾತ್ರವೇ ಗತಿ. ಮುಂಬಯಿಯ ಕತೆ ಅರ್ಥವಾಗಬೇಕಾದರೆ ಈ ಭಾಗಾಕಾರವನ್ನು ನೆನಪಿಟ್ಟುಕೊಳ್ಳಬೇಕು.

ಮುಂಬಯಿಯ ಗಂಟು: ಇರುವುದು ಎರಡು ರನ್‌ವೇ, ಕೆಲಸಕ್ಕೆ ಸಿಗುವುದು ಒಂದು

ಹಳೆಯ ಮುಂಬಯಿ ನಿಲ್ದಾಣದಲ್ಲಿ ರನ್‌ವೇ ಎರಡಿವೆ. ಮುಖ್ಯವಾದದ್ದು 09/27, ಉದ್ದ ಸುಮಾರು 3.4 ಕಿಲೋಮೀಟರ್. ಇನ್ನೊಂದು 14/32, ಸುಮಾರು 2.9 ಕಿಲೋಮೀಟರ್. ತೊಂದರೆಯೆಂದರೆ ಇವೆರಡೂ ಒಂದನ್ನೊಂದು ಕತ್ತರಿಯಂತೆ ಅಡ್ಡ ಹಾಯುತ್ತವೆ. ಒಂದರ ಮೇಲೆ ವಿಮಾನ ಓಡುತ್ತಿರುವಾಗ ಇನ್ನೊಂದರ ಮೇಲೆ ಮತ್ತೊಂದನ್ನು ಬಿಡಲಾಗದು. ಹಾಗಾಗಿ ಒಂದು ಹೊತ್ತಿಗೆ ಒಂದೇ ರನ್‌ವೇ.

ಆ ಒಂದರಲ್ಲೇ ಮುಂಬಯಿ 2018ರಲ್ಲಿ ಒಂದೇ ದಿನ ಸಾವಿರಕ್ಕೂ ಹೆಚ್ಚು ವಿಮಾನಗಳನ್ನು ಇಳಿಸಿ ಏರಿಸಿದೆ. 2024–25ರಲ್ಲಿ 5.51 ಕೋಟಿ ಪ್ರಯಾಣಿಕರು, ಅಂದರೆ ದಿನಕ್ಕೆ ಸರಾಸರಿ ಒಂದೂವರೆ ಲಕ್ಷ ಜನ ಅಲ್ಲಿ ಹಾದುಹೋದರು. ಒಂಟಿ ರನ್‌ವೇಗೆ ಹೆಸರಾದ ಲಂಡನ್ನಿನ ಗ್ಯಾಟ್‌ವಿಕ್ 2024ರಲ್ಲಿ ಕಂಡದ್ದು ಸುಮಾರು 4.3 ಕೋಟಿ. ದಟ್ಟಣೆಯ ಗಂಟೆಯಲ್ಲಿ ಗ್ಯಾಟ್‌ವಿಕ್ ಮುಂಬಯಿಗಿಂತ ಹೆಚ್ಚು ವಿಮಾನ ನಿಭಾಯಿಸುತ್ತದೆ. ಆದರೆ ರಾತ್ರಿ ಹಾರಾಟಕ್ಕೆ ಅಲ್ಲಿ ಮಿತಿ ಇದೆ. ಮುಂಬಯಿ ರಾತ್ರಿಯೂ ಮಲಗುವುದಿಲ್ಲ.

ದಟ್ಟಣೆಯ ಹೊತ್ತಿನಲ್ಲಿ ಮುಂಬಯಿ ನಿಭಾಯಿಸುತ್ತಿದ್ದ ಗಂಟೆಗೆ 46 ಹಾರಾಟ ಎಂದರೆ ಸರಾಸರಿ 78 ಸೆಕೆಂಡಿಗೊಂದು. ಘಾಟ್ಕೋಪರ್ ಕಡೆಯಿಂದ ಇಳಿಯುವ ವಿಮಾನದ ವೇಗ ಗಂಟೆಗೆ ಸುಮಾರು 260 ಕಿಲೋಮೀಟರ್. 78 ಸೆಕೆಂಡಿನಲ್ಲಿ ಅದು ಐದೂವರೆ ಕಿಲೋಮೀಟರ್ ಬಂದುಬಿಡುತ್ತದೆ. ಅಷ್ಟರೊಳಗೆ ಅದರ ಮುಂದಿದ್ದ ವಿಮಾನ ನೆಲ ಮುಟ್ಟಿ, ವೇಗ ತಗ್ಗಿಸಿ, ರನ್‌ವೇಯಿಂದ ಹೊರಹೋಗುವ ಓರೆಯಾದ ಟ್ಯಾಕ್ಸಿವೇಗೆ ತಿರುಗಿ ರನ್‌ವೇ ಖಾಲಿ ಮಾಡಿರಬೇಕು. ಮೊದಲನೆಯ ತಿರುವು ತಪ್ಪಿ ಮುಂದಿನ ತಿರುವಿಗೆ ಹೋದರೆ ಹದಿನೈದಿಪ್ಪತ್ತು ಸೆಕೆಂಡು ಹೋಯಿತು. ಹಿಂದೆ ಬರುತ್ತಿರುವ ವಿಮಾನ ಇಳಿಯದೆ ಮತ್ತೆ ಮೇಲೇರಿ ಸುತ್ತು ಹಾಕಬೇಕು. ಆ ಸುತ್ತಿನ ವಿಮಾನಕ್ಕೆ ಸಾಲಿನಲ್ಲಿ ಮತ್ತೆ ಜಾಗ ಮಾಡಿಕೊಡಬೇಕಾಗಿ ಹಿಂದಿನವರೆಲ್ಲ ತಡವಾಗುತ್ತಾರೆ. ಭಾರೀ ವಿಮಾನ ಇಳಿದ ಮೇಲೆ ಅದರ ರೆಕ್ಕೆಯ ತುದಿಯಿಂದ ಎದ್ದ ಗಾಳಿಯ ಸುಳಿ ಅಡಗುವವರೆಗೆ ಹಿಂದೆ ಬರುವ ಮಧ್ಯಮ ಗಾತ್ರದ ವಿಮಾನ ಸುಮಾರು 9 ಕಿಲೋಮೀಟರ್ ದೂರದಲ್ಲಿರಬೇಕು. ಹೀಗೆ ಲೆಕ್ಕದ 78 ಸೆಕೆಂಡು ಎಲ್ಲ ಸಲವೂ ಸಿಗುವುದಿಲ್ಲ. ಬೆಳಗ್ಗೆ ಎಂಟು ಗಂಟೆಗೆ ಹತ್ತು ನಿಮಿಷ ತಡವಾದದ್ದು ಸಂಜೆಯ ಹೊತ್ತಿಗೆ ಒಂದು ಗಂಟೆಯಾಗಿ ಬೆಳೆಯುವುದು ಈ ಬಿಗಿಯಿಂದ.

ಇದನ್ನು ಕಂಡೇ 2024ರ ಫೆಬ್ರವರಿಯಲ್ಲಿ ವಿಮಾನಯಾನ ಸಚಿವಾಲಯ ಮುಂಬಯಿಯ ಹಾರಾಟ ತಗ್ಗಿಸಲು ಹೇಳಿತು. ದಟ್ಟಣೆಯ ಹೊತ್ತಿನಲ್ಲಿ ಗಂಟೆಗೆ 46 ಇದ್ದದ್ದು 44ಕ್ಕೆ, ಉಳಿದ ಹೊತ್ತಿನಲ್ಲಿ 44 ಇದ್ದದ್ದು 42ಕ್ಕೆ ಇಳಿಯಿತು. ಗಂಟೆಗೆ ಎರಡು ಅಲ್ಪ ಎನಿಸಬಹುದು. ಹಾರಾಟಕ್ಕೆ 160 ಜನರಂತೆ ಒರಟು ಲೆಕ್ಕ ಹಾಕಿದರೆ ವರ್ಷಕ್ಕೆ 28 ಲಕ್ಷ ಪ್ರಯಾಣಿಕರಷ್ಟು ಜಾಗ ಅದು. ಮಂಗಳೂರು ನಿಲ್ದಾಣದ ಇಡೀ ವರ್ಷದ ದಟ್ಟಣೆಗಿಂತ ಹೆಚ್ಚು. ಇದರ ಮೇಲೆ ಮಳೆಗಾಲದ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ರನ್‌ವೇ ದುರಸ್ತಿಗೆಂದು ಹಗಲು 11ರಿಂದ ಸಂಜೆ 5ರವರೆಗೆ ಹಾರಾಟ ಪೂರ್ತಿ ನಿಲ್ಲುತ್ತದೆ. ಎರಡು ರನ್‌ವೇ ಸೇರುವ ಜಾಗವನ್ನೂ ದುರಸ್ತಿ ಮಾಡಬೇಕಾದ್ದರಿಂದ ಒಂದನ್ನು ಮುಚ್ಚಿ ಇನ್ನೊಂದನ್ನು ನಡೆಸುವ ದಾರಿ ಇಲ್ಲ.

ರನ್‌ವೇ ಬೆಳೆಯದೆ ಜನ ಬೆಳೆದದ್ದು ಹೇಗೆ?

ಹಾರಾಟ ತಗ್ಗಿಸಿದ ಮೇಲೂ ಮುಂಬಯಿಯ ಪ್ರಯಾಣಿಕರು 2023–24ರ 5.28 ಕೋಟಿಯಿಂದ 5.51 ಕೋಟಿಗೆ ಏರಿದರು. ಉತ್ತರ ದುಬೈಯ ಭಾಗಾಕಾರದಲ್ಲಿದೆ: ಪ್ರತಿ ಹಾರಾಟದಲ್ಲಿ ಹೆಚ್ಚು ಜನ. ಎಟಿಆರ್ 72 ವಿಮಾನದಲ್ಲಿ 78 ಸೀಟು. ಎ320ರಲ್ಲಿ ಸುಮಾರು 180. ಎ321ರಲ್ಲಿ 220ರಿಂದ 230. ಮೂರಕ್ಕೂ ರನ್‌ವೇ ಮೇಲೆ ಬೇಕಾಗುವುದು ಒಂದೊಂದೇ ಸ್ಲಾಟ್, ಅಂದರೆ ಇಳಿಯಲು ಅಥವಾ ಏರಲು ನಿಗದಿಯಾದ ಒಂದು ಹೊತ್ತು.

ಸ್ಲಾಟ್ ವಿರಳವಾದಾಗ ವಿಮಾನ ಕಂಪನಿ ಅದನ್ನು 78 ಜನರಿಗಿಂತ 220 ಜನರನ್ನು ಒಯ್ಯುವ ವಿಮಾನಕ್ಕೆ ಕೊಡಲು ನೋಡುತ್ತದೆ. ಸಿಕ್ಕ ಸ್ಲಾಟನ್ನು ಋತುವಿನಲ್ಲಿ ಶೇ 80ರಷ್ಟಾದರೂ ಬಳಸದಿದ್ದರೆ ಮುಂದಿನ ಸಲ ಹಕ್ಕು ಹೋಗುತ್ತದೆ. ಹಾಗಾಗಿ ಕೈಯಲ್ಲಿರುವುದನ್ನು ಯಾರೂ ಬಿಡುವುದಿಲ್ಲ. ಪರಿಣಾಮ ಬೀಳುವುದು ಸಣ್ಣ ಊರಿನ ಮೇಲೆ. ಬೆಳಗಾವಿ, ಹುಬ್ಬಳ್ಳಿ, ಕಲಬುರಗಿಯಂಥ ಊರುಗಳಿಗೆ ಮುಂಬಯಿಯಿಂದ ವಿಮಾನ ಬೇಕೆಂಬ ಬೇಡಿಕೆ ಹಳೆಯದು. ಊರಲ್ಲಿ ರನ್‌ವೇ ಇದೆ, ಮುಂಬಯಿಯಲ್ಲಿ ಟಿಕೆಟ್ ಕೊಳ್ಳುವ ಜನರಿದ್ದಾರೆ, ಆದರೆ ಮುಂಬಯಿಯಲ್ಲಿ ಅನುಕೂಲದ ಹೊತ್ತು ಸಿಗುವುದಿಲ್ಲ. ರ‍್ಯಾಂಕಿಂಗ್ ಪಟ್ಟಿ ಎಷ್ಟು ಜನ ಹಾರಿದರು ಎಂದು ಹೇಳುತ್ತದೆ. ಜಾಗವಿಲ್ಲದೆ ರಾತ್ರಿ ಬಸ್ಸು ಹತ್ತಿದವರ ಲೆಕ್ಕ ಅದರಲ್ಲಿ ಎಲ್ಲೂ ಇಲ್ಲ. ನನ್ನ ದೃಷ್ಟಿಯಲ್ಲಿ ಈ ಪಟ್ಟಿಗಳ ದೊಡ್ಡ ಕೊರತೆ ಇದೇ.

ದೆಹಲಿಗೆ ಜಾಗ, ಬೆಂಗಳೂರಿಗೆ ಜಾಗದ ಜೊತೆ ಒಪ್ಪಂದ

ಒಂದು ಕಾಲಕ್ಕೆ ದೇಶದ ಮೊದಲ ಸ್ಥಾನ ಮುಂಬಯಿಯದೇ ಆಗಿತ್ತು. ದೆಹಲಿಯಲ್ಲಿ ಮೂರನೇ ರನ್‌ವೇ 2008ರಲ್ಲಿ ಬಂತು, 2010ರಲ್ಲಿ ಟರ್ಮಿನಲ್ 3, 2023ರಲ್ಲಿ ನಾಲ್ಕನೇ ರನ್‌ವೇ. ಐದು ಸಾವಿರ ಎಕರೆ ದಾಟಿದ ಜಾಗ ಇದ್ದದ್ದರಿಂದ ಇದೆಲ್ಲ ಸಾಧ್ಯವಾಯಿತು. ಮುಂಬಯಿಗೆ ಇರುವುದು ಸುಮಾರು 1,850 ಎಕರೆ. ಅದರ ಸುತ್ತ ಕುರ್ಲಾ, ಸಾಕಿನಾಕಾ, ವಿಲೇಪಾರ್ಲೆ ಕಿಕ್ಕಿರಿದು ನಿಂತಿವೆ. ಸಮಾನಾಂತರ ರನ್‌ವೇ ಹಾಕಲು ಅಲ್ಲಿ ಜಾಗವೇ ಇಲ್ಲ.

ಬೆಂಗಳೂರಿನ ದೇವನಹಳ್ಳಿಯಲ್ಲಿ ನಾಲ್ಕು ಸಾವಿರ ಎಕರೆ ಇದೆ. ಎರಡನೇ ಸಮಾನಾಂತರ ರನ್‌ವೇ 2019ರ ಡಿಸೆಂಬರ್‌ನಲ್ಲಿ ಶುರುವಾಯಿತು. 2023–24ರಲ್ಲಿ 3.75 ಕೋಟಿ ಇದ್ದ ಪ್ರಯಾಣಿಕರು 2024–25ರಲ್ಲಿ 4.19 ಕೋಟಿಯಾದರು, ಏರಿಕೆ ಶೇ 11ಕ್ಕೂ ಹೆಚ್ಚು. ಮುಂಬಯಿಯದು ಶೇ 4ರ ಆಸುಪಾಸು.

ಇದರ ಜೊತೆಗೆ ಒಂದು ಒಪ್ಪಂದವೂ ಇದೆ. 2008ರ ಮೇ 24ರಂದು ದೇವನಹಳ್ಳಿ ತೆರೆದಾಗ ನಗರದ ಹಳೆಯ ಎಚ್ಎಎಲ್ ನಿಲ್ದಾಣದಲ್ಲಿ ನಿಗದಿತ ಪ್ರಯಾಣಿಕ ಹಾರಾಟ ನಿಂತಿತು. ಮೈಸೂರು ಮತ್ತು ಹಾಸನ ಬಿಟ್ಟರೆ 150 ಕಿಲೋಮೀಟರ್ ಒಳಗೆ 25 ವರ್ಷ, ಅಂದರೆ 2033ರವರೆಗೆ ಇನ್ನೊಂದು ನಿಲ್ದಾಣ ಬರುವಂತಿಲ್ಲ. ಕನಕಪುರ ರಸ್ತೆ, ನೆಲಮಂಗಲ–ಕುಣಿಗಲ್ ರಸ್ತೆಯ ಕಡೆ ಎರಡನೇ ನಿಲ್ದಾಣಕ್ಕೆ ಜಾಗ ಹುಡುಕುವ ಕೆಲಸ ಈಗಲೇ ಶುರುವಾಗಿರುವುದು ಆ ಗಡುವನ್ನು ನೋಡಿಕೊಂಡೇ.

ಎರಡನ್ನೂ ಅಕ್ಕಪಕ್ಕ ಇಡಿ. ಬೆಂಗಳೂರಿನ ಬೇಡಿಕೆಯೆಲ್ಲ 2033ರವರೆಗೆ ಒಂದೇ ಖಾತೆಗೆ ಬೀಳುತ್ತದೆ. ಮುಂಬಯಿಯ ಬೇಡಿಕೆ 2025ರ ಕೊನೆಯಿಂದ ಎರಡು ಖಾತೆಗೆ ಒಡೆಯಿತು. ಇಬ್ಬರ ನಡುವಿನ ಅಂತರ 2024–25ರಲ್ಲಿ 1.32 ಕೋಟಿ. ನವಿ ಮುಂಬಯಿಯ ಮೊದಲ ಹಂತದ ಸಾಮರ್ಥ್ಯವೇ ವರ್ಷಕ್ಕೆ 2 ಕೋಟಿ. ಅದರಲ್ಲಿ ದೊಡ್ಡ ಪಾಲು ಹಳೆಯ ನಿಲ್ದಾಣದಿಂದ ಬಂದರೆ, ಹಳೆಯ ಟರ್ಮಿನಲ್ 1ನ್ನು ಕೆಡವಿ ಕಟ್ಟುವ ಯೋಜನೆಯೂ ಜಾರಿಯಾದರೆ, ನಿಲ್ದಾಣಗಳ ಪಟ್ಟಿಯಲ್ಲಿ ಬೆಂಗಳೂರು ಎರಡನೆಯದಾಗಬಹುದು. ಆ ಹೊತ್ತಿಗೆ ಮುಂಬಯಿ ಮಹಾನಗರದಿಂದ ಹಾರುವವರ ಒಟ್ಟು ಸಂಖ್ಯೆ ಹಿಂದೆಂದಿಗಿಂತ ಹೆಚ್ಚಿದ್ದರೂ ಇರಬಹುದು.

ಲಂಡನ್ನಿಗೆ ಇದು ಹೊಸದಲ್ಲ. 2024ರ ಪಟ್ಟಿಯಲ್ಲಿ 8.39 ಕೋಟಿ ಪ್ರಯಾಣಿಕರ ಹೀಥ್ರೋ ಐದನೇ ಸ್ಥಾನದಲ್ಲಿತ್ತು. ಆದರೆ ಗ್ಯಾಟ್‌ವಿಕ್, ಸ್ಟಾನ್‌ಸ್ಟೆಡ್, ಲೂಟನ್ ಮೊದಲಾದವನ್ನು ಸೇರಿಸಿ ನಗರದ ಲೆಕ್ಕ ತೆಗೆದರೆ ಅಟ್ಲಾಂಟಾವನ್ನು ಲಂಡನ್ ಎಷ್ಟೋ ಹಿಂದೆ ಬಿಡುತ್ತದೆ.

ಗೋವಾದಲ್ಲಿ ಇದು ಆಗಲೇ ನಡೆದಿದೆ

ನಿಲ್ದಾಣ ಎರಡಾದರೆ ಏನಾಗುತ್ತದೆ ಎಂಬುದನ್ನು ನೋಡಲು ಲಂಡನ್ನಿಗೆ ಹೋಗಬೇಕಿಲ್ಲ. ವಾಸ್ಕೊ ಪಕ್ಕದ ದಾಬೋಲಿಂ ನೌಕಾಪಡೆಯ ಐಎನ್ಎಸ್ ಹಂಸ ನೆಲೆಯೊಳಗೆ ಇರುವ ನಿಲ್ದಾಣ. ವಾರದ ಐದು ದಿನ ಬೆಳಗಿನ ಕೆಲವು ಗಂಟೆ ನೌಕಾಪಡೆಯ ತರಬೇತಿಗೆ ಮೀಸಲು. ಪ್ರಯಾಣಿಕ ವಿಮಾನಗಳು ಉಳಿದ ಹೊತ್ತಿನಲ್ಲಿ ಒತ್ತೊತ್ತಾಗಿ ಬರಬೇಕು. ಕೋವಿಡ್‌ಗೆ ಮುಂಚೆ ಅಲ್ಲಿ ವರ್ಷಕ್ಕೆ 80 ಲಕ್ಷ ದಾಟಿದ್ದ ಪ್ರಯಾಣಿಕರು, ಪೆಡ್ನೆ ತಾಲ್ಲೂಕಿನ ಮೋಪಾದಲ್ಲಿ 2023ರ ಜನವರಿ 5ರಂದು ಮನೋಹರ ವಿಮಾನ ನಿಲ್ದಾಣದಿಂದ ಹಾರಾಟ ಶುರುವಾದ ಮೇಲೆ ಕಡಿಮೆಯಾದರು. ಆದರೆ 2023–24ರಲ್ಲಿ ಎರಡೂ ನಿಲ್ದಾಣ ಸೇರಿ 1 ಕೋಟಿ ದಾಟಿತು. ದಾಬೋಲಿಂ ಒಂದನ್ನೇ ನೋಡಿದವರಿಗೆ ಗೋವಾ ಸೊರಗಿದಂತೆ ಕಂಡಿತು. ಇಡೀ ರಾಜ್ಯದ ಲೆಕ್ಕದಲ್ಲಿ ಗೋವಾ ಬೆಳೆದಿತ್ತು.

ಆದರೆ ಬೆಳವಣಿಗೆಯ ಫಲ ಸಮನಾಗಿ ಹಂಚಿಹೋಗಲಿಲ್ಲ. ಮೋಪಾ ಇರುವುದು ಉತ್ತರದ ತುದಿಯಲ್ಲಿ, ಮಹಾರಾಷ್ಟ್ರ ಗಡಿಗೆ ಹತ್ತಿರ. 2024ರಲ್ಲಿ ಕತಾರ್ ಏರ್‌ವೇಸ್ ದಾಬೋಲಿಂ ಬಿಟ್ಟು ಅಲ್ಲಿಗೆ ಹೋಯಿತು. ದಕ್ಷಿಣ ಗೋವಾದ ಟ್ಯಾಕ್ಸಿಯವರು, ಹೋಟೆಲಿನವರು ಆತಂಕಪಡುವುದಕ್ಕೆ ಕಾರಣವಿದೆ. ವಾಸ್ಕೊ, ಜುವಾರಿನಗರದಲ್ಲಿ ನೆಲೆಸಿದ ಕನ್ನಡಿಗ ದುಡಿಮೆಗಾರರಲ್ಲಿ ಎಷ್ಟೋ ಮಂದಿಯ ಕೆಲಸ ನಿಲ್ದಾಣದ ಆಸುಪಾಸಿನ ವಹಿವಾಟಿಗೆ ಕಟ್ಟಿಕೊಂಡಿದೆ. ಕಾರವಾರದವರಿಗೆ ದಾಬೋಲಿಂ ಹತ್ತಿರ, ಮೋಪಾ ಎಂದರೆ ಗೋವಾವನ್ನು ಪೂರ್ತಿ ದಾಟಿ ಹೋಗಬೇಕು. ಮೋಪಾ ಬೇಕು ಎನ್ನುವವರ ವಾದವೂ ಗಟ್ಟಿಯಾಗಿದೆ: ನೌಕಾಪಡೆಯ ಸಮಯಕ್ಕೆ ಕಾಯಬೇಕಿಲ್ಲ, ದಿನದ 24 ಗಂಟೆಯೂ ಸ್ಲಾಟ್ ಕೊಡಬಹುದು, ಬೆಳೆಯಲು ಜಾಗವಿದೆ.

ಪುಣೆ: ಬೇರೆಯವರ ಖಾತೆಯಲ್ಲಿ ಬರೆದುಹೋಗುವ ಪ್ರಯಾಣಿಕರು

ಪುಣೆಯ ವಿಮಾನ ನಿಲ್ದಾಣ ಇರುವ ಲೋಹಗಾಂವ್ ವಾಯುಪಡೆಯ ನೆಲೆ. ರನ್‌ವೇ ಉದ್ದ 2.5 ಕಿಲೋಮೀಟರ್ ಆಸುಪಾಸು. ಪೂರ್ತಿ ಇಂಧನ, ಪೂರ್ತಿ ಪ್ರಯಾಣಿಕರನ್ನು ಹೊತ್ತ ದೊಡ್ಡ ವಿಮಾನ ಯುರೋಪಿಗೋ ಅಮೆರಿಕಕ್ಕೋ ಅಲ್ಲಿಂದ ಏರಲಾರದು. ಉದ್ದ ಹೆಚ್ಚಿಸಲು ಪಕ್ಕದ ಭೂಮಿ ಬೇಕು. ಹೊಸ ಟರ್ಮಿನಲ್ 2024ರ ಜುಲೈಯಲ್ಲಿ ಬಳಕೆಗೆ ಬಂದಾಗ ಕೂರುವ ಜಾಗ, ತಪಾಸಣೆಯ ಸಾಲು ಸುಧಾರಿಸಿದವು. ರನ್‌ವೇ ಅದೇ, ಸ್ಲಾಟ್ ಕೊಡುವುದು ವಾಯುಪಡೆಯೇ. ಟರ್ಮಿನಲ್ ದೊಡ್ಡದಾದ ಮಾತ್ರಕ್ಕೆ ವಿಮಾನ ಹೆಚ್ಚಾಗುವುದಿಲ್ಲ ಎಂಬುದನ್ನು ಉದ್ಘಾಟನೆಯ ಸುದ್ದಿಗಳು ಸಾಮಾನ್ಯವಾಗಿ ಹೇಳುವುದಿಲ್ಲ.

ಹೀಗಿದ್ದೂ 2024–25ರಲ್ಲಿ ಪುಣೆ 1 ಕೋಟಿ ದಾಟಿತು. ಹಿಂಜವಡಿಯ ಐಟಿ ನೌಕರ ಲಂಡನ್ನಿಗೋ ಫ್ರಾಂಕ್‌ಫರ್ಟಿಗೋ ಹೋಗಬೇಕಾದರೆ ಎಕ್ಸ್‌ಪ್ರೆಸ್‌ವೇ ಹಿಡಿದು ಮುಂಬಯಿಗೆ ಬರುತ್ತಾನೆ. ಅವನ ಮನೆ ಪುಣೆಯಲ್ಲಿ, ಎಣಿಕೆ ಮುಂಬಯಿಯಲ್ಲಿ. ನವಿ ಮುಂಬಯಿ ನಿಲ್ದಾಣ ಪನ್ವೇಲ್ ಕಡೆಯೇ ಇರುವುದರಿಂದ ಪುಣೆಯವರಿಗೆ ಮುಂಬಯಿಯೊಳಗಿನ ಟ್ರಾಫಿಕ್ ತಪ್ಪುತ್ತದೆ. ಅಲ್ಲಿ ದೂರದ ಅಂತರರಾಷ್ಟ್ರೀಯ ವಿಮಾನಗಳು ಹೆಚ್ಚಿದರೆ ಪುಣೆಯಿಂದ ಹೊರಹೋಗುವ ಈ ಹರಿವು ಇನ್ನೂ ದೊಡ್ಡದಾಗುತ್ತದೆ. ಪುರಂದರ ತಾಲ್ಲೂಕಿನ ಏಳು ಹಳ್ಳಿಗಳಲ್ಲಿ ಹೊಸ ನಿಲ್ದಾಣದ ಯೋಜನೆ ಇದೆ. ಅಲ್ಲಿನ ರೈತರ ವಿರೋಧವೂ ಇದೆ. ಅದು ಬರುವವರೆಗೆ ಪುಣೆಯ ರ‍್ಯಾಂಕ್ ಪುಣೆಯ ಬೇಡಿಕೆಗಿಂತ ಕೆಳಗೇ ಇರುತ್ತದೆ.

ನಿಲ್ದಾಣ ಎರಡಾದರೆ ಯಾರಿಗೆ ಲಾಭ, ಯಾರಿಗೆ ಕಷ್ಟ?

ನವಿ ಮುಂಬಯಿ ಪರವಾದ ವಾದ ನೇರ. ಹಳೆಯ ರನ್‌ವೇ ಮೇಲಿನ ಒತ್ತಡ ಇಳಿಯುತ್ತದೆ, ವಿಮಾನಗಳು ಹೊತ್ತಿಗೆ ಸರಿಯಾಗಿ ಓಡುತ್ತವೆ, ಸಣ್ಣ ಊರುಗಳಿಗೆ ಸ್ಲಾಟ್ ಸಿಗುತ್ತದೆ. ಥಾಣೆ ಬೇಲಾಪುರ ರಸ್ತೆಯ ಉದ್ದಕ್ಕೂ, ಪನ್ವೇಲ್, ಖಾರ್‌ಘರ್ ಕಡೆ ಇರುವವರಿಗೆ ದೂರ ಕಡಿಮೆ. ಅಟಲ್ ಸೇತು ಮೇಲಿನಿಂದ ದಕ್ಷಿಣ ಮುಂಬಯಿಯವರಿಗೂ ದಾರಿ ಇದೆ.

ವಿಮಾನ ಕಂಪನಿಗಳ ಚಿಂತೆ ಬೇರೆ. ಹಬ್ ನಡೆಯುವುದು ಕನೆಕ್ಟಿಂಗ್ ವಿಮಾನಗಳಿಂದ. ಮಂಗಳೂರಿನಿಂದ ಬಂದ ವಿಮಾನ ನವಿ ಮುಂಬಯಿಯಲ್ಲಿ ಇಳಿದು, ಲಂಡನ್ನಿನ ವಿಮಾನ ಅಂಧೇರಿಯಿಂದ ಏರುವುದಾದರೆ ನಡುವೆ 35–40 ಕಿಲೋಮೀಟರ್ ರಸ್ತೆ. ಸಾಮಾನು ಇಳಿಸಿಕೊಂಡು, ಟ್ಯಾಕ್ಸಿ ಹಿಡಿದು, ಮತ್ತೆ ಚೆಕ್‌ಇನ್ ಮಾಡಬೇಕು. ಅಂಥವರು ಬೆಂಗಳೂರು, ದೆಹಲಿ ಅಥವಾ ದುಬೈ ಮೂಲಕ ಹೋಗುತ್ತಾರೆ. ಮುಂಬಯಿ ಎರಡು ಸಲ ಎಣಿಸುತ್ತಿದ್ದ ಆ ಪ್ರಯಾಣಿಕ ಎರಡೂ ಖಾತೆಯಿಂದ ತಪ್ಪಿಹೋಗುತ್ತಾನೆ. ಕೆನಡಾದ ಮಾಂಟ್ರಿಯಲ್‌ನಲ್ಲಿ ಇದು ನಡೆದಿದೆ. 1975ರಲ್ಲಿ ತೆರೆದ ಮಿರಾಬೆಲ್ ನಿಲ್ದಾಣಕ್ಕೆ ಅಂತರರಾಷ್ಟ್ರೀಯ ಹಾರಾಟ ಕೊಟ್ಟು, ದೇಶದೊಳಗಿನದನ್ನು ಹಳೆಯ ಡೋರ್ವಾಲ್‌ನಲ್ಲೇ ಉಳಿಸಿದರು. ಪ್ರಯಾಣಿಕರು ಟೊರೊಂಟೊ ದಾರಿ ಹಿಡಿದರು. ಮಿರಾಬೆಲ್‌ನಲ್ಲಿ ಪ್ರಯಾಣಿಕ ಹಾರಾಟ 2004ರಲ್ಲಿ ನಿಂತೇಹೋಯಿತು. ಮುಂಬಯಿಯ ಎರಡೂ ನಿಲ್ದಾಣ ಅದಾನಿ ಸಮೂಹದ ಕೈಯಲ್ಲೇ ಇರುವುದರಿಂದ ಯಾವ ವಿಮಾನ ಎಲ್ಲಿ ಎಂಬ ಹಂಚಿಕೆಯನ್ನು ಒಟ್ಟಾಗಿ ಯೋಜಿಸುವ ಅವಕಾಶ ಇದೆ. ಆದರೆ ಎರಡರ ನಡುವೆ ಪೈಪೋಟಿ ಇರುವುದಿಲ್ಲ ಎಂಬುದು ಅದರ ಇನ್ನೊಂದು ಮುಖ.

ಪ್ರಯಾಣಿಕನ ಪ್ರಶ್ನೆ ಶುಲ್ಕದ್ದು. ಟಿಕೆಟ್ಟಿನಲ್ಲಿ ಯುಡಿಎಫ್ ಎಂದು ಬರುವ ಬಳಕೆದಾರರ ಅಭಿವೃದ್ಧಿ ಶುಲ್ಕ 2025ರ ಮೇ ತಿಂಗಳಿಂದ ಹಳೆಯ ನಿಲ್ದಾಣದಲ್ಲಿ ದೇಶದೊಳಗಿನ ಪ್ರಯಾಣಕ್ಕೆ ಹೊರಡುವಾಗ 175 ರೂಪಾಯಿ, ಬರುವಾಗ 75. ನವಿ ಮುಂಬಯಿಗೆ 2026ರ ಮಾರ್ಚ್ ಕೊನೆಯವರೆಗೆ ನಿಗದಿಯಾಗಿದ್ದ ತಾತ್ಕಾಲಿಕ ದರ ಹೊರಡುವಾಗ 620, ಬರುವಾಗ 270 ಇತ್ತು. ಆ ದರದಂತೆ ಹೋಗಿ ಬರಲು ತಲೆಗೆ 640 ರೂಪಾಯಿ ವ್ಯತ್ಯಾಸ. ಡೊಂಬಿವಲಿಯ ಆ ನಾಲ್ಕು ಜನರ ಕುಟುಂಬಕ್ಕೆ 2,560 ರೂಪಾಯಿ.

ಇಷ್ಟು ವ್ಯತ್ಯಾಸಕ್ಕೆ ಕಾರಣವೂ ಪ್ರಯಾಣಿಕರ ಎಣಿಕೆಯೇ. ವರ್ಷಕ್ಕೆ 35 ಲಕ್ಷ ಪ್ರಯಾಣಿಕರನ್ನು ದಾಟಿದ ನಿಲ್ದಾಣಗಳ ದರವನ್ನು ವಿಮಾನ ನಿಲ್ದಾಣಗಳ ಆರ್ಥಿಕ ನಿಯಂತ್ರಣ ಪ್ರಾಧಿಕಾರ ನಿಗದಿ ಮಾಡುತ್ತದೆ. ಹೂಡಿದ ಬಂಡವಾಳ, ಅದರ ಮೇಲಿನ ಪ್ರತಿಫಲ, ನಡೆಸುವ ಖರ್ಚು ಎಲ್ಲ ಕೂಡಿಸಿ, ಅಂಗಡಿ–ಜಾಹೀರಾತುಗಳ ಆದಾಯದಲ್ಲಿ ಶೇ 30ನ್ನು ಕಳೆದು, ಉಳಿದದ್ದನ್ನು ಬರಬಹುದಾದ ವಿಮಾನ ಮತ್ತು ಪ್ರಯಾಣಿಕರ ಮೇಲೆ ಹಂಚುತ್ತಾರೆ. ಹೊಸ ನಿಲ್ದಾಣದಲ್ಲಿ ಹಂಚಬೇಕಾದ ಮೊತ್ತ ದೊಡ್ಡದು, ಹಂಚಿಕೊಳ್ಳುವ ಪ್ರಯಾಣಿಕರು ಕಡಿಮೆ. ಅಂದಾಜಿಗಿಂತ ಹೆಚ್ಚು ಜನ ಬಂದರೆ ಮುಂದಿನ ಐದು ವರ್ಷದ ಅವಧಿಯಲ್ಲಿ ದರ ಇಳಿಸಲು ಅವಕಾಶ, ಕಡಿಮೆ ಬಂದರೆ ಏರುತ್ತದೆ. ಶುಲ್ಕ ಹೆಚ್ಚಿದೆಯೆಂದು ಜನ ಬರದಿದ್ದರೆ, ಬರಲಿಲ್ಲವೆಂದು ಶುಲ್ಕ ಇನ್ನೂ ಹೆಚ್ಚುವ ಅಪಾಯ ಇದೆ.

ಸರಕಾರದ ಪಾಲೂ ಎಣಿಕೆಗೇ ಕಟ್ಟಿಕೊಂಡಿದೆ. ಹಳೆಯ ಮುಂಬಯಿ ನಿಲ್ದಾಣ ತನ್ನ ಆದಾಯದ ಶೇ 38.7ನ್ನು ವಿಮಾನ ನಿಲ್ದಾಣ ಪ್ರಾಧಿಕಾರಕ್ಕೆ ಕೊಡುತ್ತದೆ. ಮಂಗಳೂರಿನ ನಿಲ್ದಾಣವನ್ನು ಖಾಸಗಿಗೆ ಕೊಟ್ಟ 2019ರ ಹರಾಜಿನಲ್ಲಿ ಲೆಕ್ಕ ನಡೆದದ್ದು ತಲೆಗೆ ಇಷ್ಟು ಎಂದು. ಗೆದ್ದ ಮೊತ್ತ ಪ್ರತಿ ದೇಶೀಯ ಪ್ರಯಾಣಿಕನಿಗೆ 115 ರೂಪಾಯಿ.

ಮುಂದಿನ ಪಟ್ಟಿ ಬಂದಾಗ ನೋಡಬೇಕಾದ ಅಂಕಿಗಳು

ಬೇಸಿಗೆ ವೇಳಾಪಟ್ಟಿ ಮಾರ್ಚ್ ಕೊನೆಯ ಭಾನುವಾರ ಶುರುವಾಗುತ್ತದೆ, ಚಳಿಗಾಲದ್ದು ಅಕ್ಟೋಬರ್ ಕೊನೆಯ ಭಾನುವಾರ. ವಿಮಾನ ಕಂಪನಿಗಳು ಯಾವ ಹಾರಾಟವನ್ನು ಎಲ್ಲಿಗೆ ಸರಿಸಿದವು ಎಂಬುದು ಆಗ ಕಾಣುತ್ತದೆ. ಅಂಧೇರಿಯ ಅಂಕಿ ಇಳಿದರೆ ಅದಕ್ಕೆ ನವಿ ಮುಂಬಯಿಯದನ್ನು ಕೂಡಿಸಿ, ಆ ಮೊತ್ತವನ್ನು 5.51 ಕೋಟಿಯ ಜೊತೆ ಹೋಲಿಸಬೇಕು. ಮೊತ್ತವೂ ಇಳಿದಿದ್ದರೆ ಮಾತ್ರ ಮುಂಬಯಿಯ ಬೇಡಿಕೆ ಕುಗ್ಗಿದೆ ಎನ್ನಬಹುದು. ಅದನ್ನೂ ಹೇಳುವ ಮುನ್ನ ಆ ವರ್ಷ ಬೇರೇನು ನಡೆಯಿತು ನೋಡಬೇಕು. 2025ರ ಡಿಸೆಂಬರ್‌ನಲ್ಲಿ ಪೈಲಟ್‌ಗಳ ಕರ್ತವ್ಯದ ಅವಧಿಯ ಹೊಸ ನಿಯಮಕ್ಕೆ ಇಂಡಿಗೋ ಸಜ್ಜಾಗದೆ ಸಾವಿರಾರು ಹಾರಾಟ ರದ್ದಾದವು. ದೇಶದೊಳಗಿನ ಪ್ರಯಾಣದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಒಂದೇ ಕಂಪನಿಯದಾದಾಗ ಅದು ಎಡವಿದರೆ ಎಲ್ಲ ನಿಲ್ದಾಣಗಳ ಅಂಕಿಯೂ ಎಡವುತ್ತದೆ.

ಟಿಕೆಟ್ ತೆಗೆಯುವವರಿಗೆ ಇವತ್ತಿನ ಕೆಲಸದ ಮಾತು ಇಷ್ಟು. ‘ಮುಂಬಯಿ’ ಎಂದು ಹುಡುಕಿದರೆ ಎರಡೂ ನಿಲ್ದಾಣದ ವಿಮಾನಗಳು ಒಂದೇ ಸಾಲಿನಲ್ಲಿ ಬರುತ್ತವೆ. ಬಿಒಎಂ ಎಂದರೆ ಅಂಧೇರಿ ಪಕ್ಕದ ಹಳೆಯದು, ಎನ್ಎಂಐ ಎಂದರೆ ನವಿ ಮುಂಬಯಿ. ಹೋಗುವ ಟಿಕೆಟ್ ಒಂದರಿಂದ, ಬರುವ ಟಿಕೆಟ್ ಇನ್ನೊಂದಕ್ಕೆ ಬಿದ್ದರೆ ಪಾರ್ಕಿಂಗ್‌ನಲ್ಲಿ ಬಿಟ್ಟ ಕಾರು 35 ಕಿಲೋಮೀಟರ್ ಆಚೆ ನಿಂತಿರುತ್ತದೆ. ದುಡ್ಡು ಕಟ್ಟುವ ಮುಂಚೆ ಎರಡೂ ಕಡೆಯ ಕೋಡ್, ಟರ್ಮಿನಲ್ ಸಂಖ್ಯೆ, ಶುಲ್ಕದ ಸಾಲು ಓದಿಕೊಳ್ಳಿ. ಮುಂದಿನ ವಿಮಾನ ಬೇರೆ ಟಿಕೆಟ್ಟಿನಲ್ಲಿ, ಬೇರೆ ನಿಲ್ದಾಣದಿಂದ ಇದ್ದರೆ ನಡುವೆ ಐದಾರು ಗಂಟೆಯಾದರೂ ಇಟ್ಟುಕೊಳ್ಳಿ, ಮಳೆಗಾಲವಾದರೆ ಇನ್ನೂ ಹೆಚ್ಚು.